ರಿಮ್ ದೊಡ್ಡದಾದರೆ ಟೈರಿನ ಮಗ್ಗುಲು ಚಿಕ್ಕದಾಗುತ್ತದೆ

(ಹಾಸನದಲ್ಲಿ ಕಾರು ಓಡಿಸುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಗೋಡೆಗೆ ಎರಡು ಬ್ರೌನ್ ಪೇಪರ್ ಅಂಟಿಸಿದ್ದೇನೆ, ನೋಡಿ. ಎರಡರ ಮೇಲೂ ಒಂದೊಂದು ಕಪ್ಪು ಅಚ್ಚು ಇದೆ. ನಿನ್ನೆ ಸಂಜೆ ಅಂಗಡಿಯಲ್ಲಿ ತೆಗೆದದ್ದು. ಸ್ವಿಫ್ಟ್ ಕಾರಿನ ಎಡಗಡೆ ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದೆ. ಟೈರಿಗೆ ಕಪ್ಪು ಬೂಟ್ ಪಾಲಿಶ್ ಬಳಿದು, ಕೆಳಗೆ ಪೇಪರ್ ಇಟ್ಟು, ಕಾರನ್ನು ಮೆಲ್ಲಗೆ ಇಳಿಸಿ ಮತ್ತೆ ಎತ್ತಿದೆ. ಮೊದಲನೆಯದು ಕಂಪನಿಯಿಂದ ಬಂದ 14 ಇಂಚಿನ ಚಕ್ರದ ಅಚ್ಚು. ಎರಡನೆಯದು ಅದೇ ಕಾರಿಗೆ 16 ಇಂಚಿನ ಅಲಾಯ್, ಅಂದರೆ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ, ಹಾಕಿ ತೆಗೆದ ಅಚ್ಚು. ಎರಡಕ್ಕೂ 32 ಪಿಎಸ್ಐ ಗಾಳಿ.

ಇವತ್ತು ನನ್ನ ಮಾತೆಲ್ಲ ಈ ಎರಡು ಅಚ್ಚುಗಳ ಸುತ್ತಲೇ. ಮೊದಲನೆಯದರ ಅಗಲ ಸುಮಾರು 12 ಸೆಂಟಿಮೀಟರ್, ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯದರ ಅಗಲ 16, ಉದ್ದ ಒಂಬತ್ತೂವರೆ. ಅಗಲ ಹೆಚ್ಚಿದ ಮೇಲೆ ರಸ್ತೆಗೆ ತಾಗುವ ರಬ್ಬರ್ ತುಂಬಾ ಜಾಸ್ತಿ ಆಗಬೇಕು ಅಲ್ವಾ? ಆಗಿಲ್ಲ. ಅಚ್ಚಿನ ಆಕಾರ ಬದಲಾಗಿದೆ, ಅಷ್ಟೇ. ಕಾರನ್ನು ಹೊತ್ತಿರುವುದು ಒಳಗಿನ ಗಾಳಿ. ಚಕ್ರದ ಮೇಲಿನ ಭಾರ ಅದೇ, ಗಾಳಿಯ ಒತ್ತಡವೂ ಅದೇ ಅಂದಮೇಲೆ ನೆಲಕ್ಕೆ ತಾಗುವ ಜಾಗ ಎಷ್ಟು ಹೆಚ್ಚಾದೀತು? ಒಂದು ಚಕ್ರಕ್ಕೆ ಒಂದು ಅಂಗೈಯಷ್ಟು ಜಾಗ. ಅಂಥ ನಾಲ್ಕು ಅಂಗೈಗಳ ಮೇಲೆ ನಾವು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತೇವೆ.

ನಾನು ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಮಾಡುವ ಕೆಲಸದಲ್ಲಿ ಇರುವವನು. ಹೊಸ ಕಾರು ತಗೊಂಡ ಹುಡುಗರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ದೊಡ್ಡ ಅಲಾಯ್ ಹಾಕಿಸಿಕೊಂಡು ಬರುತ್ತಾರೆ. ಆಮೇಲೆ "ಅಣ್ಣಾ, ಸ್ಟೀರಿಂಗ್ ಯಾಕೋ ಎಳೀತಿದೆ" ಅಂತ ನಮ್ಮಲ್ಲಿ ಬಂದು ನಿಲ್ಲುತ್ತಾರೆ. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಮಡ್‌ಗಾರ್ಡ್ ತುಂಬುವ ಚಕ್ರ ಚಂದ ಕಾಣುತ್ತದೆ, ಅದು ನಿಜ. ಹಾಕುವ ಮೊದಲು ಏನು ಬದಲಾಗುತ್ತದೆ ಅನ್ನೋದು ಗೊತ್ತಿದ್ದರೆ ಸಾಕು ಅನ್ನೋದೇ ನನ್ನ ಆಸೆ.

ಮೊದಲು ಟೈರಿನ ಮೇಲಿರುವ ಬರಹವನ್ನು ಬೇಗ ಓದಿಬಿಡೋಣ. 165/80 ಆರ್14. 165 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಮಗ್ಗುಲಿನ ಎತ್ತರ ಅಗಲದ ನೂರಕ್ಕೆ 80 ಭಾಗ. ನೀವು ಸೈಡ್‌ವಾಲ್ ಅನ್ನುತ್ತೀರಲ್ಲ, ಅದೇ ಮಗ್ಗುಲು. 14 ಅಂದರೆ ಟೈರ್ ಕೂರುವ ಲೋಹದ ರಿಮ್‌ನ ಅಡ್ಡಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಬಂದವು. ಲೆಕ್ಕ ಹಾಕಿದರೆ ಇದರ ಮಗ್ಗುಲು 132 ಮಿಲಿಮೀಟರ್, ಇಡೀ ಚಕ್ರದ ಎತ್ತರ ಸುಮಾರು 620.

ಸ್ವಿಫ್ಟ್‌ನಲ್ಲಿ ವಿಎಕ್ಸ್ಐ ಅನ್ನುವ ವೇರಿಯಂಟ್‌ಗೆ ಈ 14 ಇಂಚು ಬರುತ್ತಿತ್ತು. ಅದೇ ಕಾರಿನ ಮೇಲಿನ ವೇರಿಯಂಟ್ ಝಡ್ಎಕ್ಸ್ಐಗೆ ಕಂಪನಿಯೇ 185/65 ಆರ್15 ಕೊಡುತ್ತಿತ್ತು. ಅದರ ಮಗ್ಗುಲು 120, ಒಟ್ಟು ಎತ್ತರ ಸುಮಾರು 621. ನನ್ನ ಎರಡನೇ ಅಚ್ಚಿನ ಟೈರ್ 195/55 ಆರ್16. ಮಗ್ಗುಲು 107, ಎತ್ತರ ಮತ್ತೆ 621. ಇನ್ನೂ ಮೇಲೆ ಹೋದರೆ 205/45 ಆರ್17. ಮಗ್ಗುಲು ಬರೀ 92, ಎತ್ತರ 616. ಹೊರಗಿನ ಎತ್ತರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ರಿಮ್ ದೊಡ್ಡದಾದಷ್ಟೂ ಮಗ್ಗುಲು ತಗ್ಗುತ್ತಾ ಬಂತು. 14ರಿಂದ 17ಕ್ಕೆ ಹೋಗುವಾಗ ನೀವು ಕೊಟ್ಟದ್ದು ಎರಡು ಬೆರಳಗಲದ ರಬ್ಬರ್ ಮತ್ತು ಗಾಳಿ.

ಆ ಎರಡು ಬೆರಳು ಏನು ಮಾಡುತ್ತಿತ್ತು? ಅದು ನಿಮ್ಮ ಕಾರಿನ ಮೊದಲನೇ ಸ್ಪ್ರಿಂಗ್. ಗುಂಡಿ ಸಿಕ್ಕಾಗ ಶಾಕ್ ಅಬ್ಸಾರ್ಬರ್ ಕೆಲಸ ಮಾಡುವ ಮೊದಲು ಟೈರಿನ ಮಗ್ಗುಲು ಮಡಚಿಕೊಂಡು ಏಟು ತಿನ್ನುತ್ತದೆ. ಸಣ್ಣ ಸಣ್ಣ ಜಲ್ಲಿ, ರಸ್ತೆಯ ಜೋಡಣೆ, ಇವೆಲ್ಲ ಅಲ್ಲೇ ಮುಗಿದುಹೋಗುತ್ತವೆ. ಮಗ್ಗುಲು ತಗ್ಗಿದರೆ ಆ ಏಟು ರಿಮ್‌ಗೆ, ರಿಮ್‌ನಿಂದ ಬೇರಿಂಗ್‌ಗೆ, ಚಕ್ರವನ್ನು ಕಾರಿಗೆ ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಶ್‌ಗೆ ಹೋಗುತ್ತದೆ. ಕೊನೆಗೆ ನಿಮ್ಮ ಸೊಂಟಕ್ಕೂ ಬರುತ್ತದೆ.

ಇಷ್ಟು ಎಲ್ಲರಿಗೂ ಗೊತ್ತು. ಈಗ ತಿರುವಿಗೆ ಬರುತ್ತೇನೆ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದು.

ಮಕ್ಕಳ ಒಂದು ರಬ್ಬರ್ ತಂದಿದ್ದೇನೆ, ಪೆನ್ಸಿಲ್ ಅಳಿಸುವುದು. ಇದನ್ನು ಮೇಜಿನ ಮೇಲೆ ಉದ್ದಕ್ಕೆ ನಿಲ್ಲಿಸಿ, ಮೇಲಿನಿಂದ ಬೆರಳೊತ್ತಿ ಪಕ್ಕಕ್ಕೆ ತಳ್ಳಿ. ಬುಡ ಅಲ್ಲೇ ಇರುತ್ತದೆ, ಮೇಲ್ಭಾಗ ವಾಲುತ್ತದೆ. ಇನ್ನೂ ತಳ್ಳಿದರೆ ಇನ್ನೂ ವಾಲುತ್ತದೆ, ಆಮೇಲೆ ಜಾರುತ್ತದೆ. ಈಗ ಮಲಗಿಸಿ ತಳ್ಳಿ. ವಾಲುವುದೇ ಇಲ್ಲ. ಹಿಡಿದುಕೊಂಡೇ ಇರುತ್ತದೆ, ಹಿಡಿದುಕೊಂಡೇ ಇರುತ್ತದೆ, ತಟ್ಟನೆ ಜಾರಿಬಿಡುತ್ತದೆ. ಬೇಕಿದ್ದರೆ ಆಮೇಲೆ ನೀವೇ ತಳ್ಳಿ ನೋಡಿ.

ಕಾರಿನಲ್ಲೂ ಹೀಗೇ. ನೀವು ಸ್ಟೀರಿಂಗ್ ತಿರುಗಿಸಿದಾಗ ಮೊದಲು ತಿರುಗುವುದು ರಿಮ್. ನೆಲಕ್ಕೆ ಅಂಟಿಕೊಂಡ ರಬ್ಬರ್ ಇನ್ನೂ ಹಳೆಯ ದಿಕ್ಕಿನಲ್ಲೇ ಇರುತ್ತದೆ. ನಡುವಿನ ಮಗ್ಗುಲು ತಿರುಚಿಕೊಳ್ಳುತ್ತದೆ, ಆ ತಿರುಚು ಕಾರನ್ನು ಪಕ್ಕಕ್ಕೆ ಎಳೆಯುತ್ತದೆ. ಅಂದರೆ ಚಕ್ರ ನೋಡುವ ದಿಕ್ಕಿಗೂ ಕಾರು ನಿಜವಾಗಿ ಹೋಗುವ ದಿಕ್ಕಿಗೂ ಯಾವಾಗಲೂ ಸ್ವಲ್ಪ ಕೋನ ಇರುತ್ತದೆ. ಸ್ಲಿಪ್ ಆ್ಯಂಗಲ್ ಅಂತ ಅದಕ್ಕೆ ಹೆಸರು. ಸ್ಲಿಪ್ ಅಂದ ಕೂಡಲೇ ಜಾರುವುದು ಅಂದುಕೊಳ್ಳಬೇಡಿ. ಈ ಕೋನ ಇಲ್ಲದೆ ಯಾವ ಕಾರೂ ತಿರುಗುವುದೇ ಇಲ್ಲ.

ಎತ್ತರದ ಮಗ್ಗುಲಿಗೆ ಅದೇ ಎಳೆತ ಕೊಡಲು ಜಾಸ್ತಿ ಕೋನ ಬೇಕು. ಹಾಗಾಗಿ ಸ್ಟೀರಿಂಗ್ ತಿರುಗಿಸಿದ ಮೇಲೆ ಒಂದು ಕ್ಷಣ ಕಾಯಬೇಕು. ಕಾರು ಯೋಚನೆ ಮಾಡಿ ತಿರುಗಿದ ಹಾಗೆ ಅನ್ನಿಸುತ್ತದೆ. ತಗ್ಗು ಮಗ್ಗುಲಿನ, ಅಗಲದ ಟೈರಿಗೆ ಕಡಿಮೆ ಕೋನ ಸಾಕು. ಕೈ ಆಡಿಸಿದ ಕೂಡಲೇ ಮೂತಿ ತಿರುಗುತ್ತದೆ. ದೊಡ್ಡ ರಿಮ್ ಹಾಕಿದವರು "ಹ್ಯಾಂಡ್ಲಿಂಗ್ ಸೂಪರ್ ಆಗಿದೆ" ಅನ್ನುವುದು ಇದನ್ನೇ, ಅದು ಸುಳ್ಳೇನಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಲೇನ್ ಬದಲಿಸುವಾಗ ಆ ಚುರುಕು ನಿಜವಾಗಿಯೂ ಹಿತವಾಗಿರುತ್ತದೆ.

ಆದರೆ ಚುರುಕು ಬೇರೆ, ಹಿಡಿತ ಬೇರೆ. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎತ್ತರದ ಮಗ್ಗುಲು ತನ್ನ ಹಿಡಿತದ ಕೊನೆಗೆ ನಿಧಾನವಾಗಿ ಬರುತ್ತದೆ. ಟೈರ್ ಕಿರುಗುಟ್ಟುತ್ತದೆ, ಕಾರು ವಾಲುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ನಿಮಗೆ ಕಾಲು ತೆಗೆಯೋಕೆ ಸಮಯ ಸಿಗುತ್ತದೆ. ಈ ಸ್ಟೀರಿಂಗ್ ಹಗುರವಾಗುವ ವಿಷಯಕ್ಕೆ ಮತ್ತೆ ಗೋಡೆಯ ಕಡೆ ನೋಡಿ. ತಿರುವಿನಲ್ಲಿ ರಸ್ತೆಯ ಎಳೆತ ಈ ಅಚ್ಚಿನ ನಟ್ಟನಡುವೆ ಬೀಳುವುದಿಲ್ಲ, ಸ್ವಲ್ಪ ಹಿಂದಕ್ಕೆ ಬೀಳುತ್ತದೆ. ಸ್ಟೀರಿಂಗ್ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದಕ್ಕೆ ಇದೂ ಒಂದು ಕಾರಣ. ಹಿಡಿತ ಮುಗಿಯುತ್ತಾ ಬಂದ ಹಾಗೆ ಆ ಎಳೆತ ಮುಂದಕ್ಕೆ, ನಡುವಿಗೆ ಸರಿಯುತ್ತದೆ. ಕೈಗೆ ಹಗುರ ಅನ್ನಿಸುತ್ತದೆ. ಇದು ಟೈರ್ ಕೊಡುವ ಎಚ್ಚರಿಕೆ. ಅಚ್ಚು ಉದ್ದ ಇದ್ದರೆ ಹಿಂದಕ್ಕೆ ಮುಂದಕ್ಕೆ ಸರಿಯಲು ಜಾಗ ಜಾಸ್ತಿ, ಎಚ್ಚರಿಕೆ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಅಚ್ಚು ಗಿಡ್ಡ ಆದಷ್ಟೂ ಆ ಮಾತು ಮೆಲ್ಲಗಾಗುತ್ತದೆ.

ಚಾರ್ಮಾಡಿಯಲ್ಲಿ ಇದು ನನಗೆ ಮೈಗೆ ತಾಗಿದ್ದು. ಕೊಟ್ಟಿಗೆಹಾರ ದಾಟಿ ಇಳಿಯುತ್ತಿದ್ದೆ, 17 ಇಂಚಿನ ಚಕ್ರ ಹಾಕಿಸಿ ಇನ್ನೂ ತಿಂಗಳಾಗಿರಲಿಲ್ಲ. ಮೊದಲ ಕೆಲವು ತಿರುವುಗಳಲ್ಲಿ ಕಾರು ಹೇಳಿದ ಹಾಗೆ ಕೇಳಿತು. ಧೈರ್ಯ ಬಂತು, ವೇಗ ತಾನಾಗಿ ಏರಿತು. ಒಂದು ಬಲ ತಿರುವಿನ ನಡುವೆ ಟಾರು ಕಿತ್ತು ಸಣ್ಣ ಸಣ್ಣ ಅಲೆ ಎದ್ದಿದ್ದವು, ಮೇಲೆ ಜಿನುಗು ಮಳೆ. ಹಳೆಯ ಟೈರ್ ಆಗಿದ್ದರೆ ಆ ಅಲೆಗಳನ್ನು ನುಂಗಿಕೊಂಡು ಹೋಗುತ್ತಿತ್ತು. ಇದು ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಹೋಯಿತು. ಹಾರಿದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಮುಂದಿನ ಭಾಗ ಏನೂ ಹೇಳದೆ ಹೊರಗಡೆಗೆ, ತಡೆಗೋಡೆಯ ಕಡೆಗೆ ಒಂದು ಮಾರು ಸರಿಯಿತು. ಎದುರಿಗೆ ಬಸ್ಸು ಇರಲಿಲ್ಲ, ತಡೆಗೋಡೆಗೂ ತಾಗಲಿಲ್ಲ. ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ ಇಳಿದೆ, ಮೊಣಕಾಲು ನಡುಗುತ್ತಿತ್ತು.

ಚಕ್ರ ಯಾಕೆ ಹಾರಿತು? ಮಗ್ಗುಲು ಗಟ್ಟಿ ಇದ್ದದ್ದು ಒಂದು ಕಾರಣ, ಇನ್ನೊಂದು ತೂಕ. ಊರಿಗೆ ಬಂದ ಮೇಲೆ ಅಂಗಡಿಯ ತಕ್ಕಡಿಯಲ್ಲಿ ಎರಡೂ ಚಕ್ರ ತೂಗಿದೆ. 14 ಇಂಚಿನ ಕಬ್ಬಿಣದ ರಿಮ್ ಟೈರ್ ಸಮೇತ 14 ಕೆ.ಜಿ. ನಾನು ಹಾಕಿಸಿದ 17 ಇಂಚಿನ ಅಲಾಯ್ ಟೈರ್ ಸಮೇತ 19. ಅಲಾಯ್ ಅಂದರೆ ಹಗುರ ಅಂತ ನಾವೆಲ್ಲ ನಂಬಿದ್ದೇವೆ. ಅದೇ ಅಳತೆಯ ಒಳ್ಳೆಯ ಅಲಾಯ್ ಹಗುರವೇ. ಅಳತೆ ಮೂರು ಇಂಚು ಏರಿದರೆ, ಅದೂ ಅಗ್ಗದ್ದಾದರೆ, ಕಬ್ಬಿಣಕ್ಕಿಂತ ಭಾರ.

ಈ 5 ಕೆ.ಜಿ.ಯನ್ನು ಡಿಕ್ಕಿಯಲ್ಲಿಟ್ಟ 5 ಕೆ.ಜಿ. ಅಕ್ಕಿಯ ಹಾಗೆ ನೋಡಬೇಡಿ. ಇದು ಸ್ಪ್ರಿಂಗ್‌ನ ಕೆಳಗೆ ಇರುವ ತೂಕ. ಗುಂಡಿಯಿಂದ ಮೇಲೆದ್ದ ಚಕ್ರವನ್ನು ಹಿಡಿದು ಮತ್ತೆ ನೆಲಕ್ಕೆ ಕೂರಿಸುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಅದನ್ನು ಹಳೆಯ ತೂಕಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಇನ್ನೊಂದು, ಇದು ತಿರುಗುವ ತೂಕ. ಚಕ್ರದ ಹೊರ ಅಂಚಿನಲ್ಲಿರುವ ಒಂದು ಕೆ.ಜಿ. ಕಾರಿನ ಜೊತೆ ಮುಂದಕ್ಕೂ ಹೋಗಬೇಕು, ಅದೇ ವೇಗದಲ್ಲಿ ಗಿರಗಿರ ಸುತ್ತಲೂ ಬೇಕು. ಹಾಗಾಗಿ ವೇಗ ಏರಿಸುವಾಗ, ಬ್ರೇಕ್ ಹಿಡಿಯುವಾಗ ಅದು ಎರಡು ಕೆ.ಜಿ.ಗೆ ಸಮ. ರಿಮ್ ದೊಡ್ಡದಾದರೆ ಲೋಹವೆಲ್ಲ ಹೊರ ಅಂಚಿಗೆ ಸರಿಯುತ್ತದೆ. ಅದಕ್ಕೇ ಚಿಕ್ಕ ಎಂಜಿನ್ನಿನ ಕಾರು ದೊಡ್ಡ ರಿಮ್ ಹಾಕಿದ ಮೇಲೆ ಎರಡನೇ ಗೇರಿನಲ್ಲಿ ಸೋಮಾರಿ ಆಗುವುದು.

ಆ ಚಕ್ರಗಳು ನನ್ನ ಕಾರಿನಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಸಕಲೇಶಪುರದ ಕಡೆಯಿಂದ ಒಂದು ರಾತ್ರಿ ಬರುವಾಗ ನೀರು ತುಂಬಿದ ಗುಂಡಿಗೆ ಇಳಿಯಿತು. ಮಾರನೇ ದಿನ ನೋಡಿದರೆ ಟೈರಿನ ಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಊತ. ಒಳಗಿನ ದಾರದ ಪದರ ಕಡಿದಿತ್ತು. ರಿಮ್‌ನ ಒಳ ಅಂಚು ಒಂದು ಕಡೆ ಚಪ್ಪಟೆ. ಇಂಥ ಊತ ಬಂದ ಟೈರನ್ನು ರಿಪೇರಿ ಮಾಡಲು ಆಗುವುದಿಲ್ಲ, ಒಂದು ದಿನವೂ ಓಡಿಸಬೇಡಿ. ಬಡಿದು ನೆಟ್ಟಗೆ ಮಾಡಿದ ಅಲಾಯ್ ಮೇಲೂ ನನಗೆ ನಂಬಿಕೆ ಇಲ್ಲ.

ಮಳೆಯ ವಿಷಯ. ನೀರಿನ ಮೇಲೆ ಟೈರ್ ತೇಲುವುದಕ್ಕೆ ಅಮೆರಿಕದ ನಾಸಾದವರು ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ 1960ರ ದಶಕದಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ತೇಲುವ ವೇಗ. ಟೈರಿನ ಗೆರೆಗಳಿಗೆ ಹಿಡಿಸದಷ್ಟು ನೀರು ನಿಂತಿದ್ದರೆ 32 ಗಾಳಿಗೆ ಸುಮಾರು 94 ಕಿಲೋಮೀಟರ್ ವೇಗ. ಗಾಳಿ 25ಕ್ಕೆ ಇಳಿದಿದ್ದರೆ 83ಕ್ಕೇ ತೇಲುತ್ತದೆ. ಇದರ ಜೊತೆ ಗೋಡೆಯ ಅಚ್ಚು ಸೇರಿಸಿಕೊಳ್ಳಿ. ಉದ್ದನೆಯ ಕಿರಿದಾದ ಅಚ್ಚು ದೋಣಿಯ ಮೂತಿಯ ಹಾಗೆ ನೀರು ಸೀಳುತ್ತದೆ. ಅಗಲದ ಗಿಡ್ಡ ಅಚ್ಚಿಗೆ ತಳ್ಳಬೇಕಾದ ನೀರು ಜಾಸ್ತಿ, ತಳ್ಳಲು ಸಿಗುವ ಹೊತ್ತು ಕಡಿಮೆ. ಮಲೆನಾಡಿನವರು ಅಗಲ ಏರಿಸುವ ಮೊದಲು ಇದನ್ನು ನೆನೆಯಬೇಕು. ಅಗಲದ ಟೈರ್ ಹಾಕಿದ್ದರೆ ಗೆರೆ 3 ಮಿಲಿಮೀಟರ್‌ಗೆ ಬಂದಾಗಲೇ ಬದಲಿಸಿ. ಕಾನೂನಿನ ಕನಿಷ್ಠ 1.6 ಮಿಲಿಮೀಟರ್ ತನಕ ಕಾಯಬೇಡಿ.

ಇಲ್ಲಿಯವರೆಗೆ ಹೊರಗಿನ ಎತ್ತರ ಬದಲಾಗದ ಲೆಕ್ಕ ಹೇಳಿದೆ. ಕಾಫಿ ತೋಟದ ಗೆಳೆಯರು ಕೆಲವರು ಬೇರೆ ಕಾರಣಕ್ಕೆ ಬರುತ್ತಾರೆ. ತೋಟದ ದಾರಿಯಲ್ಲಿ ಹೊಟ್ಟೆ ತಾಗುತ್ತದೆ, ಕಾರು ಎತ್ತರ ಆಗಬೇಕು, 205/65 ಆರ್15 ಹಾಕಿ ಅನ್ನುತ್ತಾರೆ. ಅದರ ಎತ್ತರ ಸುಮಾರು 648. ಮೂಲಕ್ಕಿಂತ 28 ಮಿಲಿಮೀಟರ್ ಹೆಚ್ಚು. ಆದರೆ ಕಾರು ಏರುವುದು ಅದರ ಅರ್ಧ, 14 ಮಿಲಿಮೀಟರ್. ಒಂದು ಬೆರಳಗಲವೂ ಇಲ್ಲ. ಅದಕ್ಕೆ ತೆರುವುದು ಏನು? ಚಕ್ರದ ಸುತ್ತಳತೆ ನೂರಕ್ಕೆ ನಾಲ್ಕೂವರೆ ಹೆಚ್ಚಿತು. ಎಲ್ಲ ಗೇರುಗಳೂ ಅಷ್ಟು ಉದ್ದವಾದವು, ಏರಿನಲ್ಲಿ ಎಳೆತ ಅಷ್ಟು ಕಡಿಮೆಯಾಯಿತು. ಅದೇ ಬ್ರೇಕ್ ಪೆಡಲ್‌ಗೆ ನೆಲದ ಮೇಲಿನ ತಡೆಯೂ ಅಷ್ಟೇ ಕಡಿಮೆ. ಮೊದಲು ಮುಳ್ಳು 80 ತೋರಿಸುತ್ತಿದ್ದ ವೇಗಕ್ಕಿಂತ ಈಗ ಅದೇ 80ರಲ್ಲಿ ಸುಮಾರು 4 ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತೀರಿ. "ಮೈಲೇಜ್ ಬಿತ್ತು" ಅಂತ ಬಂದವರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ನಿಮ್ಮ ಮೀಟರ್ 100 ಅಂದಾಗ ಕಾರು 104 ಚಿಲ್ಲರೆ ಓಡಿದೆ, ಮೊದಲು ಅದನ್ನು ಸೇರಿಸಿ ಆಮೇಲೆ ಲೆಕ್ಕ ಹಾಕಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಮೂವರನ್ನು ಕೂರಿಸಿ ನೋಡಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತದೆ. ಒಟ್ಟು ಎತ್ತರದಲ್ಲಿ ನೂರಕ್ಕೆ ಒಂದೆರಡು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ, ಅದಕ್ಕಿಂತ ಮೇಲೆ ನಾನು ಹಾಕಿಕೊಡುವುದಿಲ್ಲ.

ರಿಮ್ ಆರಿಸುವಾಗ ಇಂಚು, ಡಿಸೈನ್ ಎರಡನ್ನೇ ನೋಡುತ್ತೇವೆ. ರಿಮ್ ಹಿಂದೆ ತಿರುಗಿಸಿ, ಇಟಿ ಅಂತ ಒಂದು ಅಂಕಿ ಕೆತ್ತಿರುತ್ತದೆ. ಅದು ಆಫ್‌ಸೆಟ್. ಹಬ್‌ಗೆ, ಅಂದರೆ ಚಕ್ರವನ್ನು ಬಿಗಿಯುವ ಕಾರಿನ ಭಾಗಕ್ಕೆ, ಕೂರುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಲೆಕ್ಕ. 45 ಇದ್ದ ಕಡೆ 35 ಹಾಕಿದರೆ ಇಡೀ ಚಕ್ರ 10 ಮಿಲಿಮೀಟರ್ ಹೊರಗೆ ಬರುತ್ತದೆ. ರಿಮ್ ಅಗಲವೂ ಐದೂವರೆ ಇಂಚಿನಿಂದ ಆರೂವರೆಗೆ ಹೋದರೆ ಆ ಅಂಚು ಇನ್ನೂ ಸುಮಾರು 13 ಮಿಲಿಮೀಟರ್ ಹೊರಗೆ. ನೋಡಲು ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ. ಆದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ, ಆ ಅಕ್ಷದ ಗೆರೆ ನೆಲಕ್ಕೆ ತಾಗುವ ಜಾಗದಿಂದ ಟೈರ್ ದೂರ ಸರಿಯಿತು. ಬಾಗಿಲಿನ ಹಿಡಿಕೆ ಕೀಲಿನಿಂದ ದೂರ ಹೋದಷ್ಟೂ ಬಾಗಿಲು ಸುಲಭವಾಗಿ ತಿರುಗುತ್ತದಲ್ಲ, ಹಾಗೆ. ಒಂದು ಚಕ್ರ ಗುಂಡಿಗೆ ಇಳಿದರೆ, ಒಂದು ಚಕ್ರ ಮಣ್ಣಿನ ಮೇಲಿದ್ದಾಗ ಬ್ರೇಕ್ ಹಿಡಿದರೆ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. "ಎಳೀತಿದೆ ಅಣ್ಣಾ" ಅನ್ನುವ ದೂರುಗಳಲ್ಲಿ ಎಷ್ಟೋ ಇದೇ. ಅಲೈನ್‌ಮೆಂಟ್‌ನಿಂದ ಇದು ಸರಿಹೋಗುವುದಿಲ್ಲ, ಹಾಗಾಗಿ ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದೂ ಇಲ್ಲ.

ನಡುವಿನ ತೂತೂ ಮುಖ್ಯ. ಹೊರಗಿನ ಅಲಾಯ್‌ಗಳಲ್ಲಿ ಆ ತೂತು ಎಲ್ಲ ಕಾರಿಗೂ ಆಗಲಿ ಅಂತ ದೊಡ್ಡದಾಗಿರುತ್ತದೆ. ಸಂದಿ ತುಂಬುವ ಹಬ್ ರಿಂಗ್ ಹಾಕದಿದ್ದರೆ ಚಕ್ರ ಸರಿಯಾಗಿ ನಡುವಿಗೆ ಕೂರದೇ ಹೋಗಬಹುದು, ಆಗ ಎಷ್ಟು ಬ್ಯಾಲೆನ್ಸ್ ಮಾಡಿದರೂ 80 ದಾಟಿದ ಮೇಲೆ ನಡುಕ.

ಹೊರೆಯ ಅಂಕಿಯನ್ನೂ ಓದಿ. 165/80 ಆರ್14ರಲ್ಲಿ 85 ಅಂತ ಇದ್ದರೆ ಒಂದು ಟೈರ್ 515 ಕೆ.ಜಿ. ಹೊರುತ್ತದೆ. 205/45 ಆರ್17ರಲ್ಲಿ 84 ಇರುವುದೂ ಸಿಗುತ್ತದೆ, ಅದು 500. ಅಗಲ 4 ಸೆಂಟಿಮೀಟರ್ ಹೆಚ್ಚು, ಹೊರುವ ಶಕ್ತಿ 15 ಕೆ.ಜಿ. ಕಡಿಮೆ! ಒಳಗೆ ಗಾಳಿಗೆ ಜಾಗ ಕಡಿಮೆಯಾಯಿತಲ್ಲ, ಅದಕ್ಕೆ.

ಕಾನೂನು ಕೇಳುವವರಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ನಿಮ್ಮದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕಂಪನಿ ಯಾವ ಅಳತೆ ಕೊಟ್ಟಿದೆಯೋ ಅಲ್ಲಿಗೆ ನಿಲ್ಲಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು. ಹೊಸ ಅಲಾಯ್ ಹಾಕಿಸಿದವರು ಮೆಚ್ಚುವ ಹ್ಯಾಂಡ್ಲಿಂಗ್‌ನಲ್ಲಿ ದೊಡ್ಡ ಪಾಲು ರಿಮ್‌ನದ್ದಲ್ಲ, ಹೊಸ ರಬ್ಬರ್‌ನದ್ದು. ಐದು ವರ್ಷದ ಸವೆದ ಟೈರ್ ತೆಗೆದು ಹೊಸದು ಹಾಕಿದರೆ ಯಾವ ಕಾರೂ ಹುಡುಗನಾಗುತ್ತದೆ. ಮೊದಲು ಅದೇ ಅಳತೆಯಲ್ಲಿ ಒಳ್ಳೆಯ ಟೈರ್ ಹಾಕಿ, ಗಾಳಿ ಸರಿಯಾಗಿ ಇಟ್ಟು ಒಂದು ತಿಂಗಳು ಓಡಿಸಿ. ಆಮೇಲೂ ಮನಸ್ಸು ಕೇಳದಿದ್ದರೆ ಒಂದೇ ಇಂಚು ಏರಿಸಿ. ವಿಎಕ್ಸ್ಐ ಕಾರಿಗೆ ಝಡ್ಎಕ್ಸ್ಐನ 15 ಇಂಚು ಹಾಕಿದರೆ ಚುರುಕು ಬರುತ್ತದೆ, ಮಗ್ಗುಲು 12 ಮಿಲಿಮೀಟರ್ ಮಾತ್ರ ತಗ್ಗುತ್ತದೆ. ಆ ಅಳತೆಯನ್ನು ಕಂಪನಿಯವರೇ ಓಡಿಸಿ ನೋಡಿರುತ್ತಾರೆ. ನನ್ನ ಕಾರಿನಲ್ಲಿ ಈಗ ಇರುವುದೂ ಅದೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ನಾಲ್ಕು ಚಕ್ರ ಬದಲಿಸ್ತೀವಿ ಸರಿ, ಸ್ಟೆಪ್ನಿ ಏನು ಮಾಡೋದು?"

ತುಂಬಾ ಒಳ್ಳೆಯ ಪ್ರಶ್ನೆ ಅಮ್ಮಾ. ಸ್ಟೆಪ್ನಿ ಅನ್ನುವುದು ವೇಲ್ಸ್ ದೇಶದ ಲನೆತ್ಲಿ ಊರಿನ ಒಂದು ಬೀದಿಯ ಹೆಸರು. 1904ರ ಹೊತ್ತಿಗೆ ಅಲ್ಲಿ ಬಿಡಿ ಚಕ್ರ ಮಾಡುವ ಕೆಲಸ ಶುರುವಾಯಿತು, ಆ ಹೆಸರು ನಮ್ಮ ಪಂಕ್ಚರ್ ಅಂಗಡಿಯವರೆಗೆ ಬಂತು. ನಿಮ್ಮ ಹಳೆಯ 14 ಇಂಚಿನದ್ದೇ ಸ್ಟೆಪ್ನಿಯಾಗಿ ಇರಲಿ. ಹೊರಗಿನ ಎತ್ತರ ಒಂದೇ ಇದ್ದರೆ ಊರು ಸೇರುವವರೆಗೆ ಅದರಲ್ಲಿ ನಿಧಾನವಾಗಿ ಓಡಿಸಬಹುದು. ಎತ್ತರ ಬೇರೆ ಇದ್ದರೆ ಎಡಕ್ಕೊಂದು ವೇಗ ಬಲಕ್ಕೊಂದು ವೇಗ ಆಗಿ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್‌ಗೆ ಗೊಂದಲ. ಅಲಾಯ್‌ಗೆ ಬೇರೆ ನಟ್ ಬಂದಿದ್ದರೆ ಅವು ಕಬ್ಬಿಣದ ರಿಮ್‌ಗೆ ಕೂರದೇ ಹೋಗಬಹುದು. ಹಾಗಾಗಿ ಹಳೆಯ ನಾಲ್ಕು ನಟ್ ಒಂದು ಚೀಲದಲ್ಲಿ ಕಟ್ಟಿ ಜಾಕ್ ಪಕ್ಕದಲ್ಲೇ ಇಡಿ.